ಅಡ್ಡಹೆಸರಿಗಿಂತ ಊರು ಮೊದಲು

ಕಿಟ್ಟೆಲರ ನಿಘಂಟನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯದೆ ಕನ್ನಡ ವಿದ್ಯಾರ್ಥಿಯ ವ್ಯಾಸಂಗ ಪೂರ್ಣವಾಗುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥವನ್ನು ಶಬ್ದಾರ್ಥಕ್ಕಾಗಿ ತಿರುವಿ ಹಾಕುವ ನಾವು, ಅದರ ಮುಖಪುಟದ ಮೇಲಿರುವ ‘ಕಿಟ್ಟೆಲ್’ ಎಂಬ ಶಬ್ದಕ್ಕೆ ಮಾತ್ರ ಅರ್ಥ ಕೇಳುವುದಿಲ್ಲ. ಜರ್ಮನ್ ಭಾಷೆಯಲ್ಲಿ ಕಿಟ್ಟೆಲ್ ಎಂದರೆ ಕೆಲಸಗಾರರು ಮೈಮೇಲೆ ತೊಡುವ ಸಡಿಲವಾದ ಅಂಗಿ. ಯಾವ ಕಾಲದಲ್ಲಿ ಯಾವ ಹಿರಿಯನ ಅಂಗಿಯನ್ನು ನೋಡಿಯೋ, ಅಂಗಿ ಹೊಲಿಯುವ ಕಸುಬನ್ನು ನೋಡಿಯೋ ನೆರೆಹೊರೆಯವರು ಕೂಗಿದ ಹೆಸರು ಮನೆತನಕ್ಕೇ ಅಂಟಿಕೊಂಡು, ಕಡೆಗೆ ಕನ್ನಡ ನಾಡಿನ ಪುಸ್ತಕದ ಕಪಾಟುಗಳವರೆಗೆ ಬಂದು ನಿಂತಿತು.

ಜರ್ಮನರ ಹೆಸರಿಡುವ ಪದ್ಧತಿಗಳನ್ನೂ ಅವರು ತಮ್ಮ ಪೂರ್ವಿಕರನ್ನು ಹುಡುಕುವ ಕ್ರಮವನ್ನೂ ಕುರಿತು ಈಚೆಗೆ ಒಂದಿಷ್ಟು ಓದಿದೆ. ಓದುತ್ತ ಹೋದಂತೆ ನನ್ನ ಲಕ್ಷ್ಯವು ಜರ್ಮನಿಯಲ್ಲಿ ನಿಲ್ಲದೆ ನಮ್ಮ ಬಸವಕಲ್ಯಾಣ, ಹುಮನಾಬಾದಗಳ ಕಡೆಗೇ ಹರಿಯತೊಡಗಿತು. ಅಲ್ಲಿಯ ಜನ ನೂರಾರು ವರ್ಷಗಳ ಹಿಂದಿನ ತಮ್ಮ ಮುತ್ತಾತನ ಮುತ್ತಾತನನ್ನು ಹೆಸರು ಹಿಡಿದು ಕರೆಯಬಲ್ಲರು. ನಮ್ಮಲ್ಲಿ ಬಹುಮಂದಿಗೆ ಅಜ್ಜನ ತಂದೆಯ ಹೆಸರು ಕೇಳಿದರೆ ಮನೆಯೊಳಗೆ ಹೋಗಿ ಕೇಳಿಕೊಂಡು ಬರಬೇಕಾಗುತ್ತದೆ. ಇದಕ್ಕೆ ನಮ್ಮ ಉದಾಸೀನವೇ ಪೂರ್ತಿ ಕಾರಣವೆಂದು ನಾನು ಒಪ್ಪುವುದಿಲ್ಲ. ಹೆಸರು ತಾನಾಗಿ ಬಾಯಿ ಬಿಡುವುದಿಲ್ಲ. ಅದು ಹುಟ್ಟಿದ ಊರಿನ ರೂಢಿಯನ್ನು ಬಲ್ಲವನೆದುರಿಗೆ ಮಾತ್ರ ಮಾತಾಡುತ್ತದೆ. ಆ ರೂಢಿಯನ್ನು ಬಲ್ಲ ಕೊನೆಯ ತಲೆಮಾರು ನಮ್ಮ ಪಡಸಾಲೆಗಳಲ್ಲಿ ಇನ್ನೂ ಕುಳಿತಿರುವಾಗಲೇ ಈ ವಿಚಾರವನ್ನು ಎತ್ತುವುದು ಉಚಿತವೆಂದು ತೋರಿ ಈ ನಾಲ್ಕು ಮಾತು ಬರೆದಿದ್ದೇನೆ.

ಕಿಟ್ಟೆಲರು 1832ರಲ್ಲಿ ಹುಟ್ಟಿದ ರೆಸ್ಟರ್‌ಹಾಫೆ ಎಂಬ ಹಳ್ಳಿ ಜರ್ಮನಿಯ ವಾಯವ್ಯದಲ್ಲಿ, ಸಮುದ್ರತೀರದ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿದೆ. ತಂದೆ ಪಾದ್ರಿ, ಆದುದರಿಂದ ಆ ಮನೆಗೆ ಸ್ಥಿರವಾದ ಅಡ್ಡಹೆಸರಿತ್ತು. ಆದರೆ ಆ ಪ್ರಾಂತದ ರೈತಾಪಿ ಜನರಲ್ಲಿ ಬಹುಕಾಲ ಅಡ್ಡಹೆಸರೆಂಬುದೇ ಇರಲಿಲ್ಲ. ತಂದೆ ಯಾನ್ ಆದರೆ ಮಗ ಹಿನ್ರಿಕ್ ಯಾನ್ಸೆನ್, ಅಂದರೆ ಯಾನನ ಮಗ. ಅವನ ಮಗನು ಮತ್ತೆ ಯಾನ್ಸೆನ್ ಅಲ್ಲ, ಹಿನ್ರಿಕ್ಸ್! ತಲೆಮಾರಿಗೊಂದು ಹೆಸರು. 1811ರಲ್ಲಿ ಆ ನಾಡು ನೆಪೋಲಿಯನ್ನನ ಕೈಯಲ್ಲಿದ್ದಾಗ, ಪ್ರತಿಯೊಂದು ಕುಟುಂಬವೂ ಸ್ಥಿರವಾದ ಅಡ್ಡಹೆಸರನ್ನು ಆರಿಸಿಕೊಳ್ಳತಕ್ಕದ್ದೆಂದು ಆಜ್ಞೆಯಾಯಿತು. ಜನ ತಲೆಯಾಡಿಸಿದರು; ಸಾಮ್ರಾಟ ಹೋದ ಮೇಲೂ ಎಷ್ಟೋ ಕಾಲ ತಮ್ಮ ಹಳೆಯ ಚಾಳಿಯನ್ನೇ ನಡೆಯಿಸಿದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ತಹಸೀಲ್ ಕಚೇರಿಯ, ಪೋಲೀಸ್ ಠಾಣೆಯ ಕಾಗದಗಳು. ಇಂಥವನು ‘ತಂದೆ’ ಇಂಥವನು ಎಂದು ನಡುವೆ ಒಂದು ಶಬ್ದ ಸೇರಿಸಿ ಬರೆಯುವ ಪದ್ಧತಿ ನಮ್ಮ ಭಾಗದ್ದು. ಮೈಸೂರಿನ ಕಡೆಯ ಗೆಳೆಯರು ಅದನ್ನು ಕಂಡು ನಗುತ್ತಾರೆ. ನಿಜಾಮಶಾಹಿಯ ಉರ್ದು ದಫ್ತರದಲ್ಲಿದ್ದ ‘ವಲ್ದ್’ ಎಂಬ ಶಬ್ದ ಕನ್ನಡದ ಅಂಗಿ ತೊಟ್ಟು ‘ತಂದೆ’ಯಾಗಿದೆ; ‘ಜೌಜೆ’ ಎಂಬುದು ‘ಗಂಡ’ ಆಗಿದೆ. ನಗುವವರು ನಗಲಿ. ವಂಶ ಹುಡುಕುವವನಿಗೆ ಈ ಒಂದು ಶಬ್ದ ಹಿಂದಿನ ತಲೆಮಾರಿಗೆ ಇಳಿಯುವ ಮೆಟ್ಟಿಲು. ಬರಿಯ ಅಡ್ಡಹೆಸರಿಗೆ ಆ ಶಕ್ತಿ ಇಲ್ಲ.

ಅಡ್ಡಹೆಸರಿನ ಅಶಕ್ತಿಯನ್ನು ಜರ್ಮನರು ಚೆನ್ನಾಗಿ ಬಲ್ಲರು. ಅವರ ದೇಶದಲ್ಲಿ ಅತಿ ಹೆಚ್ಚಾಗಿ ಸಿಗುವ ಹೆಸರುಗಳೆಲ್ಲ ಕಸುಬಿನವು: ಮ್ಯುಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು, ಶ್ಮಿಟ್ ಎಂದರೆ ಕಮ್ಮಾರ, ಶ್ನೈಡರ್ ಎಂದರೆ ದರ್ಜಿ, ವೇಬರ್ ಎಂದರೆ ನೇಕಾರ, ಸೈಲರ್ ಎಂದರೆ ಹಗ್ಗ ಹೊಸೆಯುವವನು. ಊರಿಗೊಬ್ಬ ಗಿರಣಿಯವನಿದ್ದ ಮೇಲೆ ಎರಡು ಊರಿನ ಮ್ಯುಲ್ಲರರು ದಾಯಾದಿಗಳಾಗಬೇಕಾದ ಕಾರಣವಿಲ್ಲ. ಈ ಪಟ್ಟಿಯನ್ನು ಕಲ್ಯಾಣದ ಹುಡುಗನೊಬ್ಬನ ಮುಂದೆ ಇಟ್ಟರೆ ಅವನಿಗೆ ಹೊಳೆಯುವುದೇನು? ಜೇಡರ ದಾಸಿಮಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಸೂಜಿಕಾಯಕದ ರಾಮಿತಂದೆ! ನೋಡುವುದಕ್ಕೆ ಎರಡೂ ಒಂದೇ. ಆದರೆ ಒಂದು ಮುಖ್ಯವಾದ ಅಂತರವಿದೆ. ಜರ್ಮನಿಯಲ್ಲಿ ಕಸುಬು ಹೋಗಿ ಹೆಸರು ಉಳಿಯಿತು. ಸಮಾಜಶಾಸ್ತ್ರಜ್ಞ ಮಾಕ್ಸ್ ವೇಬರ್ ನೇಯಲಿಲ್ಲ, ಸಂಗೀತಗಾರ ವಾಗ್ನರ್ ಬಂಡಿ ಮಾಡಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಾದರೋ ಆ ಮುನ್ನುಡಿ ಮನೆತನದ ಗುರುತಾಗಿರದೆ ಆ ಮನುಷ್ಯನ ಕಾಯಕದ ಗುರುತಾಗಿತ್ತು. ಅಂಬಿಗರ ಚೌಡಯ್ಯನಂತೂ ಬೇರೆ ದೇವರ ಅಂಕಿತವನ್ನೂ ಬಯಸದೆ ತನ್ನ ಹೆಸರನ್ನೇ ವಚನದ ಅಂಕಿತವಾಗಿಟ್ಟುಕೊಂಡ. ಅಷ್ಟು ಧೈರ್ಯ ಯಾವ ದೇಶದ ದೋಣಿಗಾರನಿಗೂ ಬಂದಿರಲಾರದು.

ಕಸುಬಿನಂತೆಯೇ ಹುದ್ದೆಯೂ ಹೆಸರಾಗುತ್ತದೆ. ಜರ್ಮನರ ಶುಲ್ಜೆ ನಮ್ಮ ಪಾಟೀಲ, ಅವರ ಶ್ರೈಬರ್ ನಮ್ಮ ಕುಲಕರ್ಣಿ ಎಂದರೆ ದೊಡ್ಡ ತಪ್ಪಾಗದು. ಹುಮನಾಬಾದದ ಸಂತೆಯಲ್ಲಿ ನಿಂತು ‘ಪಾಟೀಲರೇ’ ಎಂದು ಕೂಗಿದರೆ ಎಷ್ಟು ಮಂದಿ ಹಿಂದಿರುಗಿ ನೋಡಿಯಾರು! ಅವರಲ್ಲಿ ಲಿಂಗಾಯತರಿರುತ್ತಾರೆ, ಮರಾಠರಿರುತ್ತಾರೆ, ಮುಸಲ್ಮಾನರೂ ಇರುತ್ತಾರೆ. ಬಿರಾದಾರ, ದೇಶಮುಖ, ಜಮಾದಾರ ಎಂಬವುಗಳ ಕಥೆಯೂ ಇಷ್ಟೇ. ಇನ್ನೂ ಒಂದು ಸ್ವಾರಸ್ಯವಿದೆ. ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಹೊಲಮನೆಗೆ ಅಳಿಯನಾಗಿ ಬಂದವನು ತನ್ನ ಹೆಸರನ್ನು ಬಿಟ್ಟು ಆ ಹೊಲಮನೆಯ ಹೆಸರನ್ನು ಧರಿಸುತ್ತಿದ್ದ. ದಾಖಲೆಯಲ್ಲಿ ‘ಇಂಥವನು, ಹೀಗೆ ಕರೆಯಲ್ಪಡುವವನು’ ಎಂದು ಎರಡೂ ಹೆಸರು ಬರುತ್ತಿದ್ದುವು. ನಮ್ಮ ಮನೆಯಳಿಯಂದಿರಲ್ಲಿ ಎಷ್ಟೋ ಮಂದಿ ಹೀಗೆಯೇ ಅತ್ತೆಮನೆಯ ಹೆಸರಿನೊಳಗೆ ಕರಗಿಹೋಗಿದ್ದಾರೆ. ದಾಖಲೆಯಲ್ಲಿ ಮಾತ್ರ ಅವರ ಮೊದಲಿನ ಹೆಸರು ಉಳಿದಿಲ್ಲ.

ಇಟ್ಟ ಹೆಸರಿನ ಗೊಂದಲ ಅಡ್ಡಹೆಸರಿನದಕ್ಕಿಂತ ಕಡಿಮೆಯದಲ್ಲ. ಸಂಗೀತದ ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬವನ ತಂದೆಯೂ ಯೋಹಾನ್, ಅಣ್ಣಂದಿರೂ ಯೋಹಾನ್! ಜ್ಞಾನಸ್ನಾನದ ಆ ಮೊದಲ ಹೆಸರು ಮನೆಮಂದಿಗೆಲ್ಲ ಸಾಮಾನ್ಯವಾಗಿದ್ದು, ಬಾಯಲ್ಲಿ ಕರೆಯುವ ಹೆಸರು ಎರಡನೆಯದಾಗಿರುತ್ತಿತ್ತು. ನಮ್ಮಲ್ಲಿ ತೊಟ್ಟಿಲ ಹೆಸರೊಂದು, ಶಾಲೆಯ ಹೆಸರೊಂದು, ಓಣಿಯಲ್ಲಿ ಕೂಗುವ ಹೆಸರು ಮತ್ತೊಂದು. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣನೆಂದು ಕರೆಯುತ್ತಿದ್ದರು. ಸಾವಿಗೆ ಅಸಹ್ಯವಾಗಲೆಂಬ ಉಪಾಯ. ಜರ್ಮನರು ತೀರಿಹೋದ ಕೂಸಿನ ಹೆಸರನ್ನೇ ಅದರ ಮುಂದಿನ ತಮ್ಮನಿಗೆ ಇಡುತ್ತಿದ್ದರು. ಒಂದೇ ತಾಯಿತಂದೆಗೆ ಅದೇ ಹೆಸರಿನ ಮಕ್ಕಳಿಬ್ಬರು ಪುಸ್ತಕದಲ್ಲಿ ಕಂಡರೆ ಮೊದಲನೆಯದರ ಸಾವನ್ನು ಮುಂದಿನ ಪುಟಗಳಲ್ಲಿ ಹುಡುಕಬೇಕು. ಎರಡು ಪದ್ಧತಿಗಳ ಹಿಂದೆಯೂ ತಾಯಿಯ ಕಣ್ಣೀರು ಒಂದೇ. ಮತ್ತೆ ಊರದೇವರ ಪ್ರಭಾವ ಬೇರೆ. ವ್ಯುರ್ಟ್ಸ್‌ಬುರ್ಗ್ ಸುತ್ತಮುತ್ತ ಅಲ್ಲಿಯ ಸಂತನ ಹೆಸರಾದ ಕಿಲಿಯನ್ ಹೇಗೋ ಹಾಗೆ, ಹುಮನಾಬಾದದಲ್ಲಿ ವೀರಭದ್ರೇಶ್ವರನಿಂದ ವೀರಣ್ಣ, ವೀರಶೆಟ್ಟಿ, ವೀರಭದ್ರಪ್ಪಂದಿರು. 1817ರಲ್ಲಿ ಜನಿಸಿದ ಮಾಣಿಕಪ್ರಭುಗಳ ಸಂಸ್ಥಾನದಿಂದ ಮಾಣಿಕಪ್ಪ, ಮಾಣಿಕರಾವಂದಿರು. ದೂರದ ಊರಿನಲ್ಲಿ ಇಂಥ ಹೆಸರು ಕಿವಿಗೆ ಬಿದ್ದರೆ ನಾನು ತಡೆಯದೆ ‘ನಿಮ್ಮ ಮೂಲ ನಮ್ಮ ಕಡೆಯದೇ?’ ಎಂದು ಕೇಳುತ್ತೇನೆ.

ಹೆಂಗಸರ ವಿಷಯಕ್ಕೆ ಬರೋಣ. ಇಲ್ಲಿ ನಾವು ಜರ್ಮನರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಅವರ ಚರ್ಚಿನ ಪುಸ್ತಕಗಳಲ್ಲಿ ಗೃಹಿಣಿಯ ಹೆಸರಿನ ಮುಂದೆ ‘ಹುಟ್ಟಿನಿಂದ ಇಂಥ ಮನೆಯವಳು’ ಎಂಬ ಅರ್ಥದ ‘ಗೆಬೋರೆನೆ’ ಎಂಬ ಶಬ್ದ ಹಾಕಿ ತವರಿನ ಹೆಸರನ್ನು ಬರೆಯುವುದು ರೂಢಿ. ಹಿಂದಿನ ಕಾಲದಲ್ಲಿ ಹೆಣ್ಣಿನ ಅಡ್ಡಹೆಸರಿಗೆ ‘ಇನ್’ ಎಂಬ ಪ್ರತ್ಯಯ ಹತ್ತಿ ಮ್ಯುಲ್ಲರನ ಮಗಳು ಮ್ಯುಲ್ಲರಿನ್ ಆಗುತ್ತಿದ್ದಳು. ನಮ್ಮ ಗೌಡನ ಹೆಂಡತಿ ಗೌಡತಿಯಾದಂತೆ. ಈ ತವರಿನ ಹೆಸರು ಇರುವುದರಿಂದಲೇ ಅವರು ತಾಯಿಯ ತಾಯಿಯ ದಾರಿಯನ್ನೂ ಹಿಡಿದು ಹೋಗಬಲ್ಲರು. ನಮ್ಮ ಕಡೆಯ ವಂಶಾವಳಿಗಳನ್ನು ನೋಡಿರಿ: ಗಂಡಸರ ಹೆಸರಿನ ಗಿಡಕ್ಕೆ ಗಂಡಸರ ಹೆಸರಿನ ಟೊಂಗೆ. ಹೆಣ್ಣುಮಕ್ಕಳು ಅದರಲ್ಲಿ ಎಲೆಯಾಗಿಯೂ ಇಲ್ಲ. ಕೆಲವು ಮನೆತನಗಳಲ್ಲಿ ಮದುವೆಯ ದಿನವೇ ಸೊಸೆಗೆ ಹೊಸ ಹೆಸರಿಟ್ಟುಬಿಡುತ್ತಾರೆ. ಆಕೆ ಹುಟ್ಟಿನಿಂದ ಹೊತ್ತು ತಂದ ಹೆಸರು ಹೊಸ್ತಿಲಿನ ಹೊರಗೇ ಉಳಿಯುತ್ತದೆ.

ಆದರೂ ಕಾಗದ ಮರೆತದ್ದನ್ನು ಮಾತು ಮರೆತಿಲ್ಲ. ನಮ್ಮ ಮನೆಗಳಲ್ಲಿ ಅತ್ತೆ ಸೊಸೆಯರನ್ನು, ಓರಗಿತ್ತಿಯರನ್ನು ತವರೂರಿನಿಂದ ಕರೆಯುವುದುಂಟು: ಭಾಲ್ಕಿಯಾಕೆ, ಉದಗೀರದಾಕೆ, ಹುಲಸೂರಾಕೆ. ನನ್ನ ಅಜ್ಜಿಯನ್ನು ಊರೆಲ್ಲ ನೀಲಂಗದಾಕೆ ಎಂದೇ ಕರೆಯುತ್ತಿತ್ತು. ಇದೇ ನಮ್ಮ ‘ಗೆಬೋರೆನೆ’! ಜರ್ಮನರದು ಮನೆತನದ ಹೆಸರನ್ನು ಹೇಳಿದರೆ ನಮ್ಮದು ಊರನ್ನೇ ತೋರಿಸುತ್ತದೆ. ನನ್ನ ಮತದಲ್ಲಿ ಇದೇ ಹೆಚ್ಚು ಉಪಯುಕ್ತವಾದುದು. ಆದರೆ ಯಾರೂ ಇದನ್ನು ಬರೆದಿಡಲಿಲ್ಲ. ಕರೆಯುವ ಬಾಯಿಗಳು ನಿಂತ ದಿನ ಆ ಊರುಗಳೂ ಮುಚ್ಚಿಹೋಗುತ್ತವೆ.

ತಾಯಿಯ ದಾರಿ ಎಷ್ಟು ದೂರ ಒಯ್ಯುತ್ತದೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾಯ ಕೌಂಡಿನ್ಯರು 1844ರಲ್ಲಿ ಬಾಸೆಲ್ ಮಿಶನ್ನಿನಲ್ಲಿ ದೀಕ್ಷೆ ಹೊಂದಿ, ‘ಮಂಗಳೂರ ಸಮಾಚಾರ’ದ ಹರ್ಮನ್ ಮ್ಯೋಗ್ಲಿಂಗರ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಹರ್ಮನ್ ಆನಂದರಾಯ ಕೌಂಡಿನ್ಯ: ಜರ್ಮನ್ ಹೆಸರು, ತೊಟ್ಟಿಲ ಹೆಸರು, ಅಡ್ಡಹೆಸರಾಗಿ ನಿಂತ ಗೋತ್ರದ ಹೆಸರು! ಬಾಸೆಲ್ಲಿನಲ್ಲಿ ವ್ಯಾಸಂಗ ಮಾಡಿ ಬಂದ ಅವರು ಮುಂದೆ ಜರ್ಮನ್ ಮಹಿಳೆಯೊಬ್ಬಳನ್ನು ವಿವಾಹವಾದರು. ಆ ಮಕ್ಕಳು ತಂದೆಯ ಕಡೆಯ ಮೂಲಕ್ಕೆ ಕರಾವಳಿಯ ಮಠಕ್ಕೆ ಹೋಗಬೇಕು, ತಾಯಿಯ ಕಡೆಯದಕ್ಕೆ ಜರ್ಮನಿಯ ಹಳ್ಳಿಯ ಚರ್ಚಿಗೆ. ತದ್ವಿರುದ್ಧವಾಗಿ, ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಹುಟ್ಟಿದ ಊರನ್ನು ಹುಡುಕುವ ಜರ್ಮನನು ಕೇರಳದ ತಲಶ್ಶೇರಿಗೆ ಬರಬೇಕು.

ಹೀಗೆ ಹುಡುಕುವವರಿಗೆಲ್ಲ ಜರ್ಮನ್ ವಂಶಶೋಧಕರು ಹೇಳುವ ಪಾಠ ಒಂದೇ: ಮೊದಲು ಊರನ್ನು ಗೊತ್ತುಮಾಡು. ಯಾಕೆಂದರೆ ಇಡೀ ಜರ್ಮನಿಯಲ್ಲಿ ಸರ್ಕಾರದ ಜನನ ಮರಣ ನೋಂದಣಿ ಜಾರಿಗೆ ಬಂದದ್ದು 1876ರಲ್ಲಿ. ಅದರ ಹಿಂದಿನದೆಲ್ಲ ಹೆಚ್ಚಾಗಿ ಆಯಾ ಊರಿನ ಚರ್ಚಿನ ಪುಸ್ತಕದಲ್ಲಿದೆ. ಅಮೇರಿಕಕ್ಕೆ ವಲಸೆ ಹೋದ ಜರ್ಮನರ ಮೊಮ್ಮಕ್ಕಳು ಇಲ್ಲಿಯೇ ಮುಗ್ಗರಿಸುತ್ತಾರೆ. ಹಡಗು ಹ್ಯಾಂಬುರ್ಗಿನಿಂದ ಹೊರಟಿದ್ದರೆ ಪುಣ್ಯ. 1850ರಿಂದ ಅಲ್ಲಿಯ ಪ್ರಯಾಣಿಕರ ಪಟ್ಟಿಗಳಿವೆ, ಅವುಗಳಲ್ಲಿ ಹೊರಟ ಊರಿನ ಹೆಸರಿದೆ. ಬ್ರೆಮೆನ್ನಿನಿಂದ ಹೊರಟಿದ್ದರೆ ದುರದೃಷ್ಟ. ಅಲ್ಲಿಯ ಪಟ್ಟಿಗಳು ಬಹುಮಟ್ಟಿಗೆ ನಾಶವಾಗಿವೆ. ಊರು ಸಿಕ್ಕರೂ ಅದು ಇಂದು ಜರ್ಮನಿಯಲ್ಲಿಯೇ ಇರಬೇಕೆಂದಿಲ್ಲ. ಬ್ರೆಸ್ಲೌ ನಗರ 1945ರಿಂದ ಪೋಲೆಂಡಿನ ವ್ರೊತ್ಸ್‌ವಾಫ್ ಆಗಿದೆ.

ನಮ್ಮ ಸ್ಥಿತಿ ಇದಕ್ಕಿಂತ ಭಿನ್ನವೇ? ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದಗಳಿಗೆ ಹೋದವರು ಈ ಎರಡು ತಾಲೂಕುಗಳಲ್ಲಿ ಲೆಕ್ಕವಿಲ್ಲದಷ್ಟು. ಪುಣೆಯಲ್ಲಿ ಬೆಳೆದ ಮೊಮ್ಮಗನಿಗೆ ಹಳೆಯ ಕಾಗದವೊಂದರಲ್ಲಿ ‘ಕಲ್ಯಾಣ’ ಎಂಬ ಊರು ಸಿಕ್ಕಿತೆನ್ನಿ. ಅವನು ಮುಂಬಯಿ ಪಕ್ಕದ ಕಲ್ಯಾಣ ಸ್ಟೇಶನ್ನಿನಲ್ಲಿ ಇಳಿದು ಹುಡುಕುವುದರಲ್ಲಿ ಸಂದೇಹವಿಲ್ಲ. ನಮ್ಮ ಊರು ನವಾಬರ ಕಾಲದಲ್ಲಿ ಕಲ್ಯಾಣಿ; ಬಸವಕಲ್ಯಾಣವಾದದ್ದು ಏಕೀಕರಣದ ನಂತರ. 1956ರ ನವೆಂಬರ್ 1ರಂದು ನಮ್ಮ ಬೀದರ ಜಿಲ್ಲೆಯೇ ಹೋಳಾಯಿತು. ಉದಗೀರ, ನೀಲಂಗ, ಅಹಮದಪುರಗಳು ಮುಂಬಯಿ ಪ್ರಾಂತಕ್ಕೂ ಮುಂದೆ ಮಹಾರಾಷ್ಟ್ರಕ್ಕೂ ಹೋದುವು. ನಾರಾಯಣಖೇಡದ ಕಡೆಯ ಭಾಗ ಆಂಧ್ರಕ್ಕೆ ಹೋಗಿ ಇಂದು ತೆಲಂಗಾಣದಲ್ಲಿದೆ. ಈಚೆಗೆ ಚಿಟಗುಪ್ಪ, ಹುಲಸೂರುಗಳು ಬೇರೆ ತಾಲೂಕುಗಳಾದುವು. ನೀಲಂಗದಾಕೆಯ ತವರನ್ನು ಹುಡುಕಲು ನಾನು ಇನ್ನೊಂದು ರಾಜ್ಯದ ಕಚೇರಿಯ ಬಾಗಿಲು ತಟ್ಟಬೇಕು.

ಬಾಗಿಲು ತೆರೆದರೂ ಓದುವವರು ಯಾರು? ನಿಜಾಮ ಸರ್ಕಾರದ ಆಡಳಿತ ಭಾಷೆ 1884ರವರೆಗೆ ಪಾರ್ಸಿ, ಅಲ್ಲಿಂದ ಮುಂದೆ ಉರ್ದು. ಕುಲಕರ್ಣಿಯ ದಫ್ತರದಲ್ಲಿ ಮೋಡಿ ಲಿಪಿ. ಎಷ್ಟೋ ಮನೆಗಳ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಇಂಥ ಗಂಟುಗಳಿವೆ. ದಸರೆಯಲ್ಲಿ ಅವುಗಳಿಗೆ ಕುಂಕುಮ ಹಚ್ಚುತ್ತಾರೆ, ಬಿಚ್ಚುವುದಿಲ್ಲ. ಇತಿಹಾಸದಲ್ಲಿ ಪದವಿ ಪಡೆಯಹೊರಟ ನಮಗೆ ಅಜ್ಜನ ಹೊಲದ ಕಾಗದ ಓದಲು ಬಾರದೆಂದರೆ ಆ ಪದವಿಗೆ ಏನೆನ್ನಬೇಕು? ಜರ್ಮನರಿಗೂ ಇದೇ ಪೇಚು ಬಂದಿತ್ತು. ಅವರ ಹಳೆಯ ಕೈಬರಹದ ಲಿಪಿಯನ್ನು 1941ರಲ್ಲಿ ಶಾಲೆಗಳಿಂದ ತೆಗೆದುಹಾಕಿದ ಮೇಲೆ ಹೊಸ ತಲೆಮಾರಿಗೆ ಅಜ್ಜಿಯ ಪತ್ರ ಓದಲು ಬಾರದೆ ಹೋಯಿತು. ಅವರು ಸುಮ್ಮನೆ ಕೂಡಲಿಲ್ಲ. ವಂಶಶೋಧನೆಯ ಸಂಘಗಳು ಆ ಲಿಪಿಯ ವರ್ಗಗಳನ್ನು ನಡೆಸುತ್ತಿವೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಕುಲ ಕೇಳಬಾರದೆಂದು ಸಾರಿದ ಕಲ್ಯಾಣದ ನೆಲದಲ್ಲಿ ನಿಂತು ವಂಶ ಹುಡುಕುವುದೇ? ಹರಳಯ್ಯ ಮಧುವರಸರ ಮಕ್ಕಳ ಮದುವೆಗಾಗಿ ರಕ್ತ ಹರಿದ ಊರಲ್ಲವೇ ಇದು? ಗುರುಗಳೊಬ್ಬರು ಇದೇ ಮಾತನ್ನು ನನಗೆ ಕೇಳಿದರು. ಆಕ್ಷೇಪಣೆ ಹಗುರವಾದುದಲ್ಲ, ಮತ್ತು ಅದಕ್ಕೆ ಪುರಾವೆಯೂ ಜರ್ಮನಿಯಲ್ಲಿಯೇ ಇದೆ. 1933ರಲ್ಲಿ ಹಿಟ್ಲರನ ಸರ್ಕಾರ ನೌಕರರಿಂದ ವಂಶದ ಪುರಾವೆ ಕೇಳಿತು. ಅಜ್ಜ ಅಜ್ಜಿಯರ ಜ್ಞಾನಸ್ನಾನದ ಪತ್ರಕ್ಕಾಗಿ ಜನ ಚರ್ಚುಗಳ ಮುಂದೆ ಸಾಲುಗಟ್ಟಿದರು. ಶತಮಾನಗಳಿಂದ ಪಾದ್ರಿಗಳು ಶ್ರದ್ಧೆಯಿಂದ ಬರೆದಿಟ್ಟ ಪುಸ್ತಕಗಳೇ ಯಾರು ಯೆಹೂದ್ಯರೆಂದು ಆರಿಸಿ ತೆಗೆಯುವ ಜರಡಿಯಾದುವು. 1938ರ ಆಜ್ಞೆಯಂತೆ ಯೆಹೂದ್ಯ ಗಂಡಸರ ಹೆಸರಿಗೆ ‘ಇಸ್ರಾಯೇಲ್’ ಎಂದೂ ಹೆಂಗಸರ ಹೆಸರಿಗೆ ‘ಸಾರಾ’ ಎಂದೂ ಬಲವಂತವಾಗಿ ಸೇರಿಸಲಾಯಿತು. ಮುಂದಿನದು ಜಗತ್ತಿಗೆ ಗೊತ್ತಿದೆ.

ಆದರೆ ಆ ದುಷ್ಟರು ಹುಡುಕಿದ್ದು ಶುದ್ಧಿಯನ್ನು; ನಾನು ಕೇಳುವುದು ದಾರಿಯನ್ನು. ನಮ್ಮ ಹಿರಿಯರು ಯಾವ ಬರಗಾಲದಲ್ಲಿ ಯಾವ ಊರು ಬಿಟ್ಟು ಎಲ್ಲಿಗೆ ಬಂದರು, ಯಾವ ಕಸುಬು ಹಿಡಿದರು, ಯಾವ ಊರಿನ ಹೆಣ್ಣು ತಂದರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದವನಿಗೆ, ಶುದ್ಧಿಯೆಂಬುದು ಎಲ್ಲಿಯೂ ಸಿಗುವುದಿಲ್ಲ. ಮನೆಯಳಿಯಂದಿರು, ದತ್ತು ಮಕ್ಕಳು, ಹೆಸರು ಬದಲಿಸಿದವರು, ಊರು ಬದಲಿಸಿದವರು ಇವರೇ ಸಿಗುತ್ತಾರೆ. ಜಾತಿಯ ಜಂಬ ಇಳಿಸಲು ನಾಲ್ಕು ತಲೆಮಾರಿನ ನಿಜವಾದ ಲೆಕ್ಕದಷ್ಟು ಒಳ್ಳೆಯ ಮದ್ದು ಬೇರೆ ಇಲ್ಲವೆಂದು ಆ ಗುರುಗಳಿಗೆ ಅರಿಕೆ ಮಾಡಿಕೊಂಡೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಈಗಿನ ಅಪಾಯವೊಂದನ್ನು ಹೇಳದೆ ಗತ್ಯಂತರವಿಲ್ಲ. ಗಣಕಯಂತ್ರದಲ್ಲಿ ತುಂಬುವ ಅರ್ಜಿಗಳಲ್ಲಿ ‘ಸರ್‌ನೇಮ್’ ಎಂಬ ಚೌಕವಿರುತ್ತದೆ. ಅದನ್ನು ಖಾಲಿ ಬಿಟ್ಟರೆ ಎಷ್ಟೋ ಕಡೆ ಯಂತ್ರ ಮುಂದೆ ಹೋಗಗೊಡುವುದಿಲ್ಲ. ನನ್ನ ಗೆಳೆಯನೊಬ್ಬ ಅಲ್ಲಿ ಊರಿನ ಹೆಸರು ಬರೆದ. ಅವನ ತಂಗಿ ತಂದೆಯ ಹೆಸರು ಬರೆದಳು. ಒಂದೇ ತಾಯಿಯ ಮಕ್ಕಳು ಕಾಗದದ ಮೇಲೆ ಎರಡು ಮನೆತನದವರಾಗಿ ಕೂತಿದ್ದಾರೆ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ತಾನು, ಆಮೇಲೆ ತಂದೆ, ಕೊನೆಗೆ ಮನೆತನ. ಒಂದೇ ನಾಡಿನ ಇಬ್ಬರು ಕವಿಗಳ ಹೆಸರನ್ನು ಒಂದೇ ಚೌಕದಲ್ಲಿ ಸರಿಯಾಗಿ ಕೂಡಿಸಲಾಗದ ಯಂತ್ರಕ್ಕೆ ನಮ್ಮ ಹೆಸರುಗಳನ್ನು ಒಪ್ಪಿಸುತ್ತಿದ್ದೇವೆ. ಅತ್ತ ಜರ್ಮನಿಯ ಸರ್ಕಾರ 2025ರ ಮೇ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಫ್ರೀಸಿಯನ್ ಅಲ್ಪಸಂಖ್ಯಾತರು ಬೇಕೆಂದರೆ ತಂದೆಯ ಅಥವಾ ತಾಯಿಯ ಹೆಸರಿನಿಂದಲೇ ಮಗುವಿನ ಅಡ್ಡಹೆಸರನ್ನು ಮಾಡಿಕೊಳ್ಳಬಹುದೆಂದ��� ಅನುಮತಿ ಕೊಟ್ಟಿದೆ. ನೆಪೋಲಿಯನ್ ನಿಲ್ಲಿಸಹೊರಟದ್ದು ಇನ್ನೂರು ವರ್ಷಗಳ ಮೇಲೆ ಮರಳಿ ಬಂದಿತು!

ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಗುರುವರ್ಯರಲ್ಲಿ ನನ್ನದೊಂದು ಬಿನ್ನಹವಿದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊನೆಯ ವರ್ಷದಲ್ಲಿ ಒಂದು ಹಾಳೆ ಬರೆದು ಗ್ರಂಥಾಲಯಕ್ಕೆ ಕೊಡಲಿ. ನಾಲ್ಕು ತಲೆಮಾರಿನ ಹೆಸರು, ಬರೆಯುವುದೂ ಕರೆಯುವುದೂ ಎರಡೂ. ಹೆಣ್ಣುಮಕ್ಕಳ ತವರೂರು ತಪ್ಪದೆ. ಊರಿನ ಹಳೆಯ ಹೆಸರು ಮತ್ತು ಆಗಿನ ತಾಲೂಕು. ಮನೆಯವರು ನಡೆದುಕೊಳ್ಳುವ ಗುಡಿ, ಮಠ, ದರ್ಗಾ ಅಥವಾ ಚರ್ಚು. ಜಾತಿಯ ಕಾಲಮು ಬೇಡ. ಅದನ್ನು ಬರೆಯಿಸಿಕೊಳ್ಳುವ ಕಚೇರಿಗಳು ಬೇಕಾದಷ್ಟಿವೆ. ಹಾಗೆಯೇ ಮೋಡಿ ಬಲ್ಲ ಹಿರಿಯರೊಬ್ಬರನ್ನು ಕರೆಸಿ ವಾರಕ್ಕೊಂದು ಗಂಟೆ ಪಾಠ ಹೇಳಿಸಿದರೆ ನಾನೂ ನನ್ನ ಇಬ್ಬರು ಮಿತ್ರರೂ ಬರಲು ಸಿದ್ಧರಿದ್ದೇವೆ.

ಇನ್ನು ಹೆಳವರು. ಜರ್ಮನಿಗೆ ಚರ್ಚಿನ ಪುಸ್ತಕವಿದ್ದಂತೆ ಉತ್ತರ ಕರ್ನಾಟಕಕ್ಕೆ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆತನದ ಹಿರಿಯರನ್ನೆಲ್ಲ ಹೆಸರು ಹಿಡಿದು ಹೊಗಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಪಡೆದು ಹೋಗುವುದು ಅವರ ವೃತ್ತಿ. ಹುಡುಗರಾಗಿದ್ದಾಗ ನಾವು ನೋಡುತ್ತಿದ್ದುದು ಎತ್ತನ್ನು; ಹಾಡಿನ ಕಡೆಗೆ ಯಾರ ಲಕ್ಷ್ಯವೂ ಇರುತ್ತಿರಲಿಲ್ಲ. ಈಗ ಬರುವವನು ಮೋಟಾರ್ ಸೈಕಲ್ಲಿನ ಮೇಲೆ ಬರುತ್ತಾನೆ. ಮಗ ಬೇರೆ ಕೆಲಸಕ್ಕೆ ಸೇರಿದ್ದಾನಂತೆ. ನಮ್ಮ ಓಣಿಗೆ ಅವನು ಬರುವುದು ಸುಗ್ಗಿ ಮುಗಿದ ಮೇಲೆ. ಈ ಸಲ ಅವನ ಪುಸ್ತಕದ ಪುಟಗಳ ಚಿತ್ರ ತೆಗೆದುಕೊಳ್ಳಲು ಅಪ್ಪಣೆ ಕೇಳಬೇಕೆಂದಿದ್ದೇನೆ. ಕೊಡುವನೋ ಇಲ್ಲವೋ, ಅದು ಅವನ ಅನ್ನದ ಪುಸ್ತಕ, ಕೊಡದಿದ್ದರೆ ಬೇಸರಪಡುವ ಹಾಗಿಲ್ಲ. ಜೊತೆಗೆ ಬರಲು ಇಷ್ಟವುಳ್ಳವರು ಒಂದು ಚೀಲ ಜೋಳದೊಂದಿಗೆ ಬರಬೇಕಾಗಿ ವಿನಂತಿ.